ಅಕ್ಕನ ಮಗಳ ಲಗ್ನ ನಕ್ಷೆಗೆ ಇಳಿಯಿತು
ಆಳಂದ ಕಡೆಯ ಆ ಮನೆತನ ಕೊನೆಗೂ ಒಂದೇ ಹಾಳೆಯಲ್ಲಿ ಕೂತಿತು! ಯಾರು ಯಾರಿಗೆ ಏನಾಗಬೇಕು ಅಂತ ತೋರಿಸುವ ಬಂಧುತ್ವ ನಕ್ಷೆ ಬರೆದವರಿಗೆ ಈ ಖುಷಿ ಗೊತ್ತು.

ನಕ್ಷೆಯಲ್ಲಿ ತ್ರಿಕೋನ ಗಂಡು, ವೃತ್ತ ಹೆಣ್ಣು, ಸಮ ಚಿಹ್ನೆ ಮದುವೆ. ಮನೆಯವರನ್ನು ಕೇಳುವ ಕ್ರಮ, ಮಾನವಶಾಸ್ತ್ರಜ್ಞ ರಿವರ್ಸ್ 1898ರಲ್ಲಿ ಆಸ್ಟ್ರೇಲಿಯಾದ ಉತ್ತರಕ್ಕಿರುವ ಟೊರೆಸ್ ಜಲಸಂಧಿಯ ದ್ವೀಪಗಳಲ್ಲಿ ಹಿಡಿದದ್ದೇ: ಹೆತ್ತ ತಾಯಿ ಯಾರು, ತಂದೆ ಯಾರು, ಲಗ್ನ ಯಾರ ಜೊತೆ, ಮಕ್ಕಳು ಯಾರು. ಇಂಥ ನಕ್ಷೆ ಬರೆಯುವ ನಮ್ಮ ಕಲಬುರಗಿ ಬಳಗಕ್ಕೆ ಹೊಸದಾಗಿ ಬಂದವರು ಇದನ್ನು ಬೇಗ ಕಲಿತರು. ಮೊದಲು ಒಪ್ಪಿಗೆ ಕೇಳಿದರು, ಹೆಸರಿನ ಜಾಗಕ್ಕೆ ಅಂಕಿ ಹಾಕಿದರು.

ಗಂಟು ಬಿದ್ದದ್ದು ಮುತ್ಯಾನ ಲಗ್ನದ ಹತ್ತಿರ. "ಈಕಿ ನನ್ನ ಅಕ್ಕನ ಮಗಳು, ಹೆಂಡ್ತಿನೂ ಈಕಿನೇ" ಅಂದರು. ನಮ್ಮ ಕಡೆ ಇದರಲ್ಲಿ ವಿಶೇಷ ಏನಿಲ್ಲ. ಆದರೆ ನಕ್ಷೆಯಲ್ಲಿ ತಲೆಮಾರಿಗೊಂದು ಸಾಲು. ಆಯಿಯನ್ನು, ಅಂದರೆ ಮುತ್ಯಾನ ಹೆಂಡತಿಯನ್ನು, ಗಂಡನ ಸಾಲಿನಲ್ಲಿ ಇಟ್ಟರೆ ತನ್ನ ತಾಯಿಯ ಸಾಲಿಗೇ ಬರುತ್ತಾರೆ. ಮಗಳ ಸಾಲಿಗೆ ಇಳಿಸಿದರೆ ಗಂಡ ಮೇಲೆ ಉಳಿಯುತ್ತಾರೆ. ವಂಶವೃಕ್ಷದ ತಂತ್ರಾಂಶಕ್ಕೆ ಕೊಟ್ಟೆವು, ಅದು ಆಯಿಯನ್ನು ಎರಡು ಕಡೆ ತೋರಿಸಿತು. ಮೊಮ್ಮಗ ನೋಡಿ, "ಒಬ್ಬಾಕಿನ್ನ ಸಂಭಾಳಿಸೂದೇ ಮುತ್ಯಾಗ ಆಗವಲ್ದು, ಇಬ್ಬರ್ನ ಮಾಡೀರಲ್ರೀ!" ಅಂತ ನಕ್ಕ.

ಕೈಯಲ್ಲೇ ಬರೆಯೋಣ ಅಂದರೆ ಕಾಗದದ ಕಾಟ. ಅಂಗಡಿಯವರು ರೋಲ್ ಅಂತ ಹೇಳಿ ಮಡಚಿದ ಡ್ರಾಯಿಂಗ್ ಶೀಟ್ ಕಳಿಸಿದರು. ಒಂದು ತಲೆಮಾರು ಪೂರಾ ಮಡಿಕೆಯೊಳಗೆ ಹೋಗುತ್ತದೆ. ಕೇಳಿದರೆ "ಇಸ್ತ್ರಿ ಮಾಡ್ರಿ" ಅನ್ನುತ್ತಾರೆ.

ದಾರಿ ತೋರಿಸಿದ್ದು ಮಾನವಶಾಸ್ತ್ರಜ್ಞ ಡಗ್ಲಸ್ ವೈಟ್ ಬೆಳೆಸಿದ ಪಿ-ಗ್ರಾಫ್ ಅನ್ನುವ ಇನ್ನೊಂದು ಬಗೆಯ ನಕ್ಷೆ. ಇದರಲ್ಲಿ ಗಂಡ ಹೆಂಡತಿ ಸೇರಿ ಒಂದೇ ಚುಕ್ಕೆ. ಒಬ್ಬೊಬ್ಬರೂ ಒಂದೊಂದು ಗೆರೆ. ತಮ್ಮ ಚುಕ್ಕೆಯಿಂದ ತಂದೆತಾಯಿಯ ಚುಕ್ಕೆಗೆ ಹೋಗುತ್ತದೆ. ಗಂಡಿಗೆ ಪೂರ್ತಿ ಗೆರೆ, ಹೆಣ್ಣಿಗೆ ತುಂಡು ಗೆರೆ. ಮುತ್ಯಾನ ಗೆರೆ ನೇರ ಹಿರಿಯ ಜೋಡಿಗೆ ಹೋಯಿತು. ಆಯಿಯ ಗೆರೆ ಅಕ್ಕನ ಜೋಡಿಗೆ ಹೋಯಿತು, ಅಲ್ಲಿಂದ ಅಕ್ಕನ ಗೆರೆ ಅದೇ ಹಿರಿಯ ಜೋಡಿಗೆ. ಮೂರು ಚುಕ್ಕೆ, ಮೂರು ಗೆರೆ, ತ್ರಿಕೋನ ಮುಚ್ಚಿತು! ಸೋದರಮಾವನ ಮಗಳನ್ನು ತಂದ ಕಡೆ ನಾಲ್ಕು ಚುಕ್ಕೆಯ ಸುತ್ತು ಬರುತ್ತದೆ. ಸಂಬಂಧದೊಳಗೆ ಎಲ್ಲೆಲ್ಲಿ ಹೆಣ್ಣು ಕೊಟ್ಟು ತಂದಿದ್ದಾರೆ ಅಂತ ಸುಮ್ನೆ ನೋಡಿದರೇ ತಿಳಿಯುತ್ತದೆ. ಸಂಬಂಧಗಳ ಜಾಲ ಬಿಡಿಸುವ ಪಾಯೆಕ್ ತಂತ್ರಾಂಶ ಗೆಡ್‌ಕಾಮ್ ಕಡತವನ್ನು, ಅಂದರೆ ವಂಶವೃಕ್ಷದ ಮಾಹಿತಿ ಇಡುವ ಕಡತವನ್ನು, ಹೀಗೂ ಓದಿಕೊಳ್ಳಬಲ್ಲದು.

ನನಗೆ ಇದು ಬರೀ ಚಿತ್ರದ ಅನುಕೂಲ ಅನಿಸುವುದಿಲ್ಲ. ಹಳೆಯ ನಕ್ಷೆಯಲ್ಲಿ ಇಂಥ ಲಗ್ನ ಏನೋ ದೋಷದ ಹಾಗೆ ಕಾಣುತ್ತಿತ್ತು. ಮನೆಯವರಿಗೆ ಅದು ಸಂಬಂಧ ಬಿಡದೆ ಹಿಡಿದದ್ದು. ಕಲಿಯುವವರು ಮೊದಲು ಅವರ ಕಣ್ಣಿಂದ ನೋಡಬೇಕು ಅಲ್ವಾ?

ಅಂದಹಾಗೆ, ಮುಂದೆ ಹೆಳವರ ಜೊತೆ ಕೂರುವ ಆಸೆ ಜಾಸ್ತಿಯಾಗಿದೆ. ಎತ್ತಿನ ಮೇಲೆ ಊರೂರು ತಿರುಗಿ ಮನೆತನದ ಹಿರಿಯರ ಹೆಸರು ಹೇಳುವವರು ಅವರು. ಅವರ ವಂಶಾವಳಿಯ ಪುಸ್ತಕ, ನಮ್ಮ ಹಾಳೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಅದಕ್ಕೂ ಮೊದಲು ಒಂದು ತೊಡಕು ಬಿಡಿಸಬೇಕು. ಎರಡು ಲಗ್ನ ಆದವರಿಗೆ ಪಿ-ಗ್ರಾಫಿನಲ್ಲಿ ಎರಡು ಗೆರೆ ಬರುತ್ತವೆ, ಒಬ್ಬರೇ ಇಬ್ಬರಾಗುತ್ತಾರೆ. ಈ ಭಾನುವಾರ ಜೋಡಿಗೂ ಚುಕ್ಕೆ, ಮನುಷ್ಯರಿಗೂ ಬೇರೆ ಚುಕ್ಕೆ ಕೊಟ್ಟು ಬರೆಯುತ್ತೇವೆ.