ನಾಯಿ ಆಟದ ಬಗ್ಗೆ ಎಲ್ಲರೂ ಕೇಳೋದು ಒಂದೇ

"ಹಾಗಾದ್ರೆ ನಿಂಗೆ ಪ್ರಾಣಿಗಳ ಮೇಲೆ ಆಸೇನಾ?"

ನಾನೂ ನನ್ನ ಹೆಂಡತಿಯೂ ಬಾಗಿಲು ಹಾಕಿಕೊಂಡು ಆಡುವ ಆಟದ ವಿಷಯ ಗೊತ್ತಾದ ಪ್ರತಿಯೊಬ್ಬರೂ ಕೇಳಿದ್ದು ಇದನ್ನೇ. ಆಟದಲ್ಲಿ ನಾನು ನಾಯಿ, ಅವಳು ಸಾಕಿದವಳು. ಪೆಟ್ ಪ್ಲೇ ಅಂತಾರೆ.

ಇಲ್ಲ. ಈ ಆಟದಲ್ಲಿ ಪ್ರಾಣಿಯೇ ಇಲ್ಲ. ಇರೋದು ಮಾತಾಡಿ ಒಪ್ಪಿಕೊಂಡ ಇಬ್ಬರು ದೊಡ್ಡವರು. ಪ್ರಾಣಿಗೆ ಒಪ್ಪಿಗೆ ಕೊಡೋಕೆ ಬರಲ್ಲ, ಹಾಗಾಗಿ ಅದನ್ನು ಮುಟ್ಟೋದು ಹಿಂಸೆ. ದಸರೆಯಲ್ಲಿ ಹುಲಿವೇಷ ಹಾಕಿ ಕುಣಿಯೋರನ್ನ ಯಾರಾದ್ರೂ ಹೀಗೆ ಕೇಳ್ತಾರಾ?

ಹೋದ ವರ್ಷ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುವಾಗ ಹಳೇ ಗೆಳೆಯನೊಬ್ಬ, "ಡಾಕ್ಟರಿಗೆ ತೋರಿಸ್ಕೊಳೋ" ಅಂದ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯ ವಿಷಯ ತೆಗೆದೆ. ದೊಡ್ಡವರು ಪರಸ್ಪರ ಒಪ್ಪಿ ನಡೆಸುವ ಇಂಥದ್ದನ್ನು ಅದು ಅಷ್ಟಕ್ಕೇ ಕಾಯಿಲೆ ಅನ್ನಲ್ಲ ಅಂತ ಅವನಿಗೆ ಹೇಳಿದೆ. ಅವನು ಲೋಟ ಕೆಳಗಿಟ್ಟು, "ಇನ್ಮೇಲೆ ರಾಜನ್ನ ನಿಮ್ಮನೇಲಿ ಬಿಡಲ್ಲ ಕಣೋ" ಅಂದ.

ರಾಜ ಅವನ ನಾಯಿ. ಅವನು ಊರಿಗೆ ಹೋದಾಗಲೆಲ್ಲ ನಮ್ಮನೇಲೇ ಇರ್ತಿತ್ತು. ದೀಪಾವಳಿ ರಾತ್ರಿ ಪಟಾಕಿಗೆ ನಡುಗುತ್ತಾ ಮಂಚದ ಕೆಳಗೆ ಸೇರಿಕೊಂಡಾಗ, ಎರಡು ಗಂಟೆಯವರೆಗೆ ಅದರ ಪಕ್ಕ ನೆಲದ ಮೇಲೆ ಮಲಗಿದ್ದವನು ನಾನು.

ಕೇಳಲೇಬೇಕಿದ್ರೆ ಇದನ್ನ ಕೇಳಿ: "ನಾಯಿಯಾದವನು ಮಾತೇ ಆಡಲ್ವಲ್ಲ, ಸಾಕು ಅಂತ ಹೇಗೆ ಹೇಳ್ತೀಯ?" ಆಟದ ನಡುವೆಯೂ ಮಾತಾಡುವವರು 'ಹಳದಿ' ಅಂದ್ರೆ ನಿಧಾನ, 'ಕೆಂಪು' ಅಂದ್ರೆ ನಿಲ್ಲಿಸು ಅಂತ ಮೊದಲೇ ಗೊತ್ತು ಮಾಡ್ಕೊಂಡಿರ್ತಾರೆ. ನನ್ನ ಮುಷ್ಟಿಯಲ್ಲಿ ಮನೆಯ ಬೀಗದ ಕೈ ಗೊಂಚಲು ಇರುತ್ತೆ. ಅದು ಬಿದ್ರೆ ಆಟ ಮುಗೀತು. ಕೊರಳ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಪಟ್ಟಿ ಹಿಡಿದು ಎಳೆಯೋ ಹಾಗಿಲ್ಲ.

ಒಮ್ಮೆ ರೆಡ್ ಆಕ್ಸೈಡ್ ನೆಲದ ಮೇಲೆ ಮಂಡಿ ಚಳಕ್ ಅಂತು. ಗೊಂಚಲು ಬಿಟ್ಟೆ. ಅದರ ಸದ್ದು ಅಡಗುವಷ್ಟರಲ್ಲಿ ಅವಳು ಪಟ್ಟಿ ಬಿಚ್ಚಿ ಪಕ್ಕದಲ್ಲಿ ಕೂತಿದ್ದಳು. ನೀರು ಕುಡಿಸಿದಳು, ಮಂಡಿಗೆ ಕೊಬ್ಬರಿ ಎಣ್ಣೆ ತಿಕ್ಕಿದಳು, ಯಾಕೆ ಏನು ಅಂತ ಆಮೇಲೆ ಕೇಳಿದಳು. ದಿನಕ್ಕೆ ಒಂಬತ್ತು ಗಂಟೆ ಫೋನಿನಲ್ಲಿ ಮಾತಾಡಿ ಬದುಕೋ ನನಗೆ, ಒಂದು ಮಾತೂ ಆಡದೆ ಹೀಗೆ ಅರ್ಥವಾಗೋದು ಬೇರೆಲ್ಲೂ ಸಿಕ್ಕಿಲ್ಲ.

ದೀಪಾವಳಿ ಮತ್ತೆ ಹತ್ತಿರ ಬಂತು. ಅವನಿಗೆ ಯಾರಾದ್ರೂ ಹೇಳಿ, ರಾಜನಿಗೆ ಮಂಚದ ಕೆಳಗೆ ಹಳೇ ಕಂಬಳಿ ಹಾಸಬೇಕು, ಲೈಟ್ ಆರಿಸಬಾರದು.