ಪಿ-ಮೌಲ್ಯದ ಬೆನ್ನು ಹತ್ತಿ: ಚಹಾ ಪ್ರಯೋಗ ಮುಗಿಯಿತು, ಟಿ-ಪರೀಕ್ಷೆ ನಡೆದಿದೆ

ಸಂಶೋಧನೆಯಲ್ಲಿ ದಿನನಿತ್ಯ ಬಳಸುವ ಸಂಖ್ಯಾಶಾಸ್ತ್ರದ ಪರೀಕ್ಷೆಗಳನ್ನು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಿಮ್ಯುಲೇಶನ್ (ಕಂಪ್ಯೂಟರಿನಲ್ಲಿ ಸಾವಿರಾರು ಸಲ ನಕಲು ಪ್ರಯೋಗ) ಮಾಡಿ ಅರ್ಥ ಮಾಡಿಕೊಳ್ಳುವ ಕೆಲಸದ ಮೊದಲ ಭಾಗ ಮುಗಿದಿದೆ. ಅದು ಸಂಖ್ಯಾಶಾಸ್ತ್ರಜ್ಞ ಫಿಷರ್ 1935ರಲ್ಲಿ ವಿವರಿಸಿದ ಚಹಾ ಪ್ರಯೋಗ.

ಎಂಟು ಬಟ್ಟಲು ಚಹಾ. ನಾಲ್ಕಕ್ಕೆ ಹಾಲು ಮೊದಲು ಸುರಿದದ್ದು, ನಾಲ್ಕಕ್ಕೆ ಆಮೇಲೆ. ರುಚಿ ನೋಡಿದವರು ಹಾಲು ಮೊದಲು ಬಿದ್ದ ನಾಲ್ಕನ್ನು ಆರಿಸಬೇಕು. ಆರಿಸುವ ಬಗೆಗಳು 70. ಬರಿಯ ಊಹೆಯಿಂದ ಎಲ್ಲವೂ ಸರಿಯಾಗುವ ಸಂಭವ 1/70, ಅಂದರೆ 0.014. ಹೀಗೆ ಬರಿಯ ಊಹೆಯಿಂದಲೇ ಇಷ್ಟು ಅಥವಾ ಇದಕ್ಕಿಂತ ಒಳ್ಳೆಯ ಫಲ ಬರುವ ಸಂಭವವೇ ಪಿ-ಮೌಲ್ಯ. ನಾಲ್ಕರಲ್ಲಿ ಒಂದು ತಪ್ಪಿದರೆ ಪಿ-ಮೌಲ್ಯ 17/70ಕ್ಕೆ, ಎಂದರೆ 0.24ಕ್ಕೆ ಜಿಗಿಯುತ್ತದೆ! ಫಿಷರ್ ಎಷ್ಟು ಬಿಗಿಯಾಗಿ ಪ್ರಯೋಗ ಹೂಡಿದ್ದರೆಂದು ಗೊತ್ತಾಗುವುದು ಇಲ್ಲಿಯೇ.

ಆಮೇಲೆ ನಿಯಮ ಬದಲಿಸಿದೆ. ಪ್ರತಿ ಬಟ್ಟಲಿಗೂ ನಾಣ್ಯ ಚಿಮ್ಮಿ ಹಾಲು ಮೊದಲೋ ಆಮೇಲೋ ನಿರ್ಧರಿಸುವುದು. ಆಗ ಎಂಟೂ ಸರಿಯಾಗುವ ಸಂಭವ 1/256. ಅದೇ ನಾಲಿಗೆ, ಅವೇ ಎಂಟು ಸರಿ ಉತ್ತರ, ಬೇರೆ ಪಿ-ಮೌಲ್ಯ. ದತ್ತಾಂಶವನ್ನಷ್ಟೇ ಕೊಟ್ಟು ‘ಪಿ ಎಷ್ಟು?’ ಎಂದರೆ ಉತ್ತರವಿಲ್ಲ. ಅದನ್ನು ಸಂಗ್ರಹಿಸಿದ ಬಗೆಯನ್ನೂ ಹೇಳಬೇಕು. (ಶೂನ್ಯ ಪ್ರಾಕ್ಕಲ್ಪನೆ, ಅಂದರೆ ‘ಇಲ್ಲಿ ಊಹೆಯ ಹೊರತು ಏನೂ ಇಲ್ಲ’ ಎಂಬ ಮಾತು, ನಿಜವಾಗಿರುವ ಸಂಭವವೇ ಪಿ ಎಂದು ಬರೆಯುವವರು ಇಂದಿಗೂ ಇದ್ದಾರೆ. ಅಲ್ಲವೆಂದು ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಶನ್ 2016ರಲ್ಲೇ ಹೇಳಿಕೆ ಹೊರಡಿಸಿದೆ.)

ಎರಡನೆಯ ಭಾಗ ಇಣುಕಾಟದ್ದು, ಅಂದರೆ ದತ್ತಾಂಶ ಸಂಗ್ರಹ ಮುಗಿಯುವ ಮುನ್ನವೇ ಪಿ-ಮೌಲ್ಯ ನೋಡುವುದು. ಯಾವ ವ್ಯತ್ಯಾಸವೂ ಇಲ್ಲದ ಎರಡು ಗುಂಪು, ಪ್ರತಿ ಹತ್ತು ಮಂದಿ ಸೇರಿದಾಗಲೂ ಟಿ-ಪರೀಕ್ಷೆ (ಎರಡು ಗುಂಪಿನ ಸರಾಸರಿಗಳನ್ನು ಹೋಲಿಸುವ ಪರೀಕ್ಷೆ), ಪಿ-ಮೌಲ್ಯ 0.05ಕ್ಕಿಂತ ಇಳಿದ ಕೂಡಲೇ ‘ಸಿಕ್ಕಿತು’ ಎಂದು ನಿಲ್ಲಿಸುವುದು. ಹತ್ತು ಸಲ ಇಣುಕಿದರೆ ಸುಳ್ಳು ಪತ್ತೆ ಶೇ 5 ಅಲ್ಲ, ಸುಮಾರು ಶೇ 19. ನಡುವೆ ನೋಡಲೇಬೇಕಾದ ಔಷಧ ಪ್ರಯೋಗಗಳಿಗೆ ಸಂಖ್ಯಾಶಾಸ್ತ್ರಜ್ಞ ಪೊಕಾಕ್ 1977ರಲ್ಲಿ ಕೊಟ್ಟ ಮಿತಿ ಇದೆ: ಹತ್ತು ನೋಟಗಳಿಗೆ ಪ್ರತಿ ಸಲವೂ 0.0106. ಅದನ್ನು ಹಾಕಿದಾಗ ಒಟ್ಟು ಪ್ರಮಾಣ ಮತ್ತೆ ಶೇ 5ರ ಆಸುಪಾಸಿಗೆ ಬರುತ್ತದೆ.

ಈಗ ಕೈಯಲ್ಲಿರುವುದು ಟಿ-ಪರೀಕ್ಷೆಯ ಎರಡು ರೂಪಗಳು. ಹತ್ತು ಜನರ ಗುಂಪಿನ ಮಾನಕ ವಿಚಲನೆ (ಸರಾಸರಿಯ ಸುತ್ತ ಅಂಕಿಗಳು ಎಷ್ಟು ಹರಡಿವೆ ಎಂಬ ಅಳತೆ) 4, ನಲವತ್ತು ಜನರದ್ದು 1, ಸರಾಸರಿ ಒಂದೇ. ವಿಚಲನೆ ಸಮಾನವೆಂದು ನಂಬುವ ಹಳೆಯ ರೂಪ ಕಾಲು ಭಾಗಕ್ಕೂ ಹೆಚ್ಚು ಸಲ ಸುಳ್ಳು ಹೇಳುತ್ತದೆ. ವಿಚಲನೆ ಸಮಾನವೆಂದು ನಂಬದ ವೆಲ್ಚ್ ರೂಪ ಶೇ 5ರ ಹತ್ತಿರವೇ ನಿಲ್ಲುತ್ತದೆ. ಏನೂ ಸೂಚಿಸದಿದ್ದರೆ ಆರ್ ವೆಲ್ಚ್ ರೂಪವನ್ನೇ ಆರಿಸುತ್ತದೆ, ಪೈಥಾನ್ ಭಾಷೆಯ ಸೈಪೈ ಎಂಬ ಲೈಬ್ರರಿ ಹಳೆಯದನ್ನು. ಇದು ನನಗೆ ಸರಿ ಕಾಣುವುದಿಲ್ಲ. ಸದ್ಯಕ್ಕೆ ಎರಡರಲ್ಲೂ ಆಯ್ಕೆಯನ್ನು ಬಾಯಿಬಿಟ್ಟು ಬರೆಯುವಂತೆ ಕೋಡ್ ತಿದ್ದುತ್ತಿದ್ದೇನೆ. ಅದು ಮುಗಿದರೆ ವಿಶ್ವಾಸಾಂತರದ (ಅಂದಾಜಿನ ಜೊತೆ ಕೊಡುವ ಅನಿಶ್ಚಿತತೆಯ ವ್ಯಾಪ್ತಿ) ಸರದಿ.