ತೊಗಟೆಯಿಂದಾಚೆ ನಾವು

ಇಂದು ಗೆಳೆಯರೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮ್ಯೂರ್ ವುಡ್ಸ್‌ನ ಕಣಿವೆಯಲ್ಲಿ ಸಂಜೆಯವರೆಗೂ ನಡೆದೆವು. ರೆಡ್‌ವುಡ್ ಮರಗಳ ಎತ್ತರವನ್ನು ಎಲ್ಲರೂ ವರ್ಣಿಸಿಯಾಗಿದೆ, ಹಾಗಾಗಿ ಅದನ್ನು ಬಿಡುತ್ತೇನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರವೇಶದ್ವಾರದ ಸಮೀಪ ಇರಿಸಿರುವ, ಅಡ್ಡಲಾಗಿ ಕೊಯ್ದ ಒಂದು ಕಾಂಡದ ತುಂಡು. 909ರಲ್ಲಿ ಮೊಳೆತು 1930ರಲ್ಲಿ ಉರುಳಿದ ಆ ಮರದ ಉಂಗುರಗಳ ಮೇಲೆ ಕೊಲಂಬಸನು ಅಮೆರಿಕ ತಲುಪಿದ 1492ರಂತಹ ಇಸವಿಗಳನ್ನು ಗುರುತಿಸಿದ್ದಾರೆ. ಆ ಪಟ್ಟಿ ನಮಗೆ ಸಾಲದೆ, ನಮ್ಮ ಕಡೆಯ ಇಸವಿಗಳನ್ನು ಕಣ್ಣಳತೆಯಲ್ಲೇ ಹುಡುಕತೊಡಗಿದೆವು. ಮರ ಮೊಳಕೆಯೊಡೆದಾಗ ಮಾನ್ಯಖೇಟದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದರು. ಶ್ರವಣಬೆಳಗೊಳದಲ್ಲಿ ಗೊಮ್ಮಟನು ಎದ್ದುನಿಂತ, ಸುಮಾರು 981ರ ಹೊತ್ತಿಗೆ ಅದಕ್ಕೆ ಎಪ್ಪತ್ತು ದಾಟಿತ್ತು. ಬೇಲೂರಿನ ಚೆನ್ನಕೇಶವನ 1117 ಇನ್ನೂ ತಿರುಳಿನ ಕಡೆಗೇ ಉಳಿದರೆ, ವಿಜಯನಗರವು ಸೋತ 1565 ತೊಗಟೆಯತ್ತ ಬಹಳವೇ ಸರಿದಿತ್ತು. ಮರಕ್ಕೇನೋ ಇವರಾರ ಪರಿಚಯವೂ ಇಲ್ಲ. ಮಳೆ ಚೆನ್ನಾಗಿ ಬಿದ್ದ ವರ್ಷ ಉಂಗುರವನ್ನು ದಪ್ಪಗೆ, ಬರ ಬಂದ ವರ್ಷ ತೆಳ್ಳಗೆ ಬರೆದುಕೊಂಡು ತನ್ನ ಪಾಡಿಗೆ ಬೆಳೆದಿದೆ.

ನಮ್ಮೊಳಗೊಬ್ಬಳು ತಾನು ಹುಟ್ಟಿದ ಇಸವಿಯನ್ನು ಶ್ರದ್ಧೆಯಿಂದ ಹುಡುಕಿ, ಅದು ತೊಗಟೆಯಿಂದಾಚೆಗಿದೆ ಎಂದು ತಿಳಿದಾಗ, “ಹಾಗಾದರೆ ನಾವಿನ್ನೂ ಚಿಕ್ಕವರೇ” ಎಂದು ಘೋಷಿಸಿದಳು. ಮಂಡಿನೋವಿನ ಮಾತು ತೆಗೆದಿದ್ದ ಗೆಳೆಯರು ಮಾತ್ರ ಅದನ್ನು ಒಪ್ಪಲಿಲ್ಲ.